ನಡುಗುವ ಕೈ ಏನು ಹೇಳುತ್ತದೆ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆ ಕೇಳದ ಕನ್ನಡಿಗರು ಕಡಿಮೆ. ಒಳಗೆ ಅಳುಕಿದ್ದವನು ತಾನಾಗಿಯೇ ಸಿಕ್ಕಿಬೀಳುತ್ತಾನೆ, ಬಾಯಿ ಬಚ್ಚಿಟ್ಟದ್ದನ್ನು ಮೈ ಬಿಟ್ಟುಕೊಡುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿದೆ. ಇದೇ ನಂಬಿಕೆಯ ಬಲದಿಂದ ನಾವು ದಿನಬೆಳಗಾದರೆ ಇನ್ನೊಬ್ಬರ ಬಗ್ಗೆ ತೀರ್ಮಾನಕ್ಕೆ ಬರುತ್ತೇವೆ. ಮುಖ ಕೊಟ್ಟು ಮಾತಾಡಲಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ. ಉತ್ತರಕ್ಕೆ ತಡವರಿಸಿದಳು, ಓದಿಕೊಂಡು ಬಂದಿಲ್ಲ. ಕೇಳಿದ ಕೂಡಲೇ ಬೆವೆತ, ಅವನೇ ತೆಗೆದಿರಬೇಕು. ಸಂದರ್ಶನದ ಕೋಣೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ತರಗತಿಯಲ್ಲಿ, ಸಂಬಂಧ ಕುದುರಿಸಲು ಹೋದ ಮನೆಯಲ್ಲಿ ಇಂಥ ತೀರ್ಪುಗಳು ಸದ್ದಿಲ್ಲದೆ ಆಗಿಹೋಗುತ್ತವೆ.

ಆದರೆ ಗುಂಪಿನ ನಡುವೆ ಕಳ್ಳ ಎಂಬ ಕೂಗು ಎದ್ದರೆ ಕದಿಯದವನ ಕೈಯೂ ಹೆಗಲಿಗೆ ಹೋಗಬಹುದು. ತನ್ನ ಮೇಲೆ ಎಲ್ಲಾದರೂ ಕುಂಬಳಕಾಯಿಯ ಬೂದಿ ಮೆತ್ತಿಕೊಂಡಿದೆಯೇ, ಜನ ತನ್ನನ್ನೇ ನೋಡುತ್ತಿದ್ದಾರೆಯೇ ಎಂಬ ಗಾಬರಿ ಅವನಿಗೂ ಆಗುತ್ತದೆ. ಗಾದೆ ಈ ಎರಡನೆಯವನನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಾವೂ ಹಿಡಿಯುವುದಿಲ್ಲ. ಅವನಿಗೆ ಆಗುವ ಅನ್ಯಾಯ ತಪ್ಪಬೇಕಾದರೆ, ಮೈಯ ಚಲನೆಯಿಂದ ಮನಸ್ಸನ್ನು ಓದುವುದು ಎಲ್ಲಿಯವರೆಗೆ ಸಾಧ್ಯ, ಎಲ್ಲಿಂದಾಚೆ ಬರೀ ಊಹೆ ಎಂಬುದನ್ನು ಸಾವಧಾನವಾಗಿ ನೋಡಬೇಕು. ಅದನ್ನು ನೋಡಲು ಪೋಕರ್ ಮೇಜಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ.

ಆಟವೇ ಪ್ರಯೋಗಶಾಲೆ

ಪೋಕರ್ ಅಮೆರಿಕದಲ್ಲಿ ಬೆಳೆದ ಇಸ್ಪೀಟು ಆಟ. ನಮ್ಮಲ್ಲಿ ಯುಗಾದಿ, ದೀಪಾವಳಿಗೆ ಆಡುವ ಮೂರೆಲೆ ಆಟವನ್ನು ಬಲ್ಲವರಿಗೆ ಅದರ ಜೀವಾಳ ಕೂಡಲೇ ಅರ್ಥವಾಗುತ್ತದೆ. ಇಂದು ಹೆಚ್ಚು ಆಡುವ ಬಗೆ ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ 2 ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ 5 ಎಲೆಗಳನ್ನು ಮೊದಲು 3, ಆಮೇಲೆ 1, ಕೊನೆಗೆ ಇನ್ನೊಂದು ಎಂಬಂತೆ ತೆರೆಯುತ್ತಾರೆ. ಈ 7 ಎಲೆಗಳಲ್ಲಿ ಉತ್ತಮವಾದ 5ನ್ನು ಜೋಡಿಸಿಕೊಂಡವರು ಗೆದ್ದಂತೆ. ನಡುನಡುವೆ 4 ಸುತ್ತು ಪಣ ಕಟ್ಟುವುದಿರುತ್ತದೆ. ಎದುರಾಳಿಯ ಪಣಕ್ಕೆ ಸರಿಗಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಆ ಆಟ ಬಿಡಬಹುದು. ಎಲ್ಲರೂ ಬಿಟ್ಟರೆ ಉಳಿದ ಒಬ್ಬನಿಗೆ, ಅವನ ಕೈಯಲ್ಲಿ ಏನೂ ಇಲ್ಲದಿದ್ದರೂ, ಪೂರ್ತಿ ಹಣ. ಹೀಗೆ ಬರಿಗೈಯಲ್ಲಿ ಹೆದರಿಸಿ ಗೆಲ್ಲುವುದೇ ಬ್ಲಫ್.

ಮನುಷ್ಯರನ್ನು ಓದುವ ವಿದ್ಯೆಗೆ ಈ ಮೇಜು ಹೇಳಿಮಾಡಿಸಿದಂತಿದೆ. ಇಲ್ಲಿ ಮುಚ್ಚಿಡಲು ಎಲ್ಲರಿಗೂ ಕಾರಣವಿದೆ, ಇನ್ನೊಬ್ಬರು ಮುಚ್ಚಿಟ್ಟದ್ದನ್ನು ಕಂಡುಹಿಡಿಯಲೂ ಕಾರಣವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯವರೆಗೆ ಹೋದ ಆಟಗಳಲ್ಲಿ ಹಣ ಪಡೆಯಬೇಕಾದರೆ ಎಲೆ ಬಿಚ್ಚಿ ತೋರಿಸಲೇಬೇಕು. ನನ್ನ ಊಹೆ ಸರಿಯೋ ತಪ್ಪೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬದುಕಿನ ಬೇರೆ ಯಾವ ಅನುಮಾನಕ್ಕೂ ಇಷ್ಟು ಬೇಗ, ಇಷ್ಟು ನಿಚ್ಚಳವಾಗಿ ಉತ್ತರ ಸಿಗುವುದಿಲ್ಲ. ಹಣ ಕಟ್ಟಿ ಆಡಿ ನೋಡಿ ಎಂಬುದು ಇದರ ತಾತ್ಪರ್ಯವಲ್ಲ. ಆ ಚಟಕ್ಕೆ ಮನೆಗಳೇ ಮುಳುಗಿದ್ದನ್ನು ನಾವು ನೋಡಿದ್ದೇವೆ. ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿಯೂ ಇದೆ. ಆಡುವವರು ದಶಕಗಳ ಕಾಲ ಕಣ್ಣಿಟ್ಟು ಕಂಡುಕೊಂಡದ್ದರಲ್ಲಿ ನಮ್ಮ ಉಪಯೋಗಕ್ಕೆ ಬರುವಂಥದ್ದು ಏನಿದೆ ಎಂಬುದಷ್ಟೇ ಇಲ್ಲಿನ ವಿಷಯ.

ಒಳಗಿನ ಎಲೆಯ ಬಲವನ್ನು ಹೊರಗೆ ಸೂಚಿಸುವ ನಡವಳಿಕೆಗೆ ಪೋಕರ್ ಆಡುವವರು ಟೆಲ್ ಎನ್ನುತ್ತಾರೆ. ಈ ಟೆಲ್‌ಗಳನ್ನು ಮೊದಲ ಬಾರಿಗೆ ಕ್ರಮವಾಗಿ, ಛಾಯಾಚಿತ್ರಗಳ ಸಮೇತ ಪುಸ್ತಕಕ್ಕೆ ಇಳಿಸಿದವರು ಅಮೆರಿಕದ ಮೈಕ್ ಕಾರೊ. ಅವರ ಪುಸ್ತಕ ಬಂದದ್ದು 1984ರಲ್ಲಿ. ಅವರು ಸುಳಿವುಗಳನ್ನು ಎರಡಾಗಿ ವಿಂಗಡಿಸಿದರು. ಒಂದು, ಆಟಗಾರನಿಗೆ ಅರಿವಿಲ್ಲದೆ ಹೊರಬರುವುದು. ಇನ್ನೊಂದು, ಎದುರಾಳಿ ನೋಡಲಿ ಎಂದೇ ನಟಿಸುವುದು. ನಟಿಸುವವರ ಬಗ್ಗೆ ಅವರ ಸೂತ್ರ ಸರಳವಾಗಿತ್ತು: ಬಲವಾದ ಎಲೆ ಇದ್ದವನು ಸೋತವನಂತೆ ಕಾಣಿಸಿಕೊಳ್ಳುತ್ತಾನೆ, ಏನೂ ಇಲ್ಲದವನು ಗತ್ತು ತೋರಿಸುತ್ತಾನೆ. ನಿಟ್ಟುಸಿರು ಬಿಟ್ಟು, ಭುಜ ಕುಣಿಸಿ, ‘ಏನು ಮಾಡೋದು’ ಎಂಬಂಥ ದನಿಯಲ್ಲಿ ದೊಡ್ಡ ಪಣ ಕಟ್ಟುವವನ ಬಗ್ಗೆ ಎಚ್ಚರವಿರಲಿ ಎಂದು ಅವರು ಬರೆದರು.

ನಡುಗುವ ಕೈಯ ಪ್ರಕರಣ

ಇವುಗಳಲ್ಲಿ ಒಂದೇ ಒಂದು ಟೆಲ್ ಅನ್ನು ಹತ್ತಿರದಿಂದ ನೋಡೋಣ. ಇಷ್ಟು ಹೊತ್ತು ಸಣ್ಣಪುಟ್ಟ ಪಣಕ್ಕೆ ಆಡುತ್ತಿದ್ದವನು ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಕಟ್ಟಲು ಮುಂದಾಗುತ್ತಾನೆ. ಹಣದ ಬದಲಿಗೆ ಇಡುವ ಬಿಲ್ಲೆಗಳ ಕಂಬವನ್ನು ಮುಂದಕ್ಕೆ ತಳ್ಳುವಾಗ ಅವನ ಬೆರಳು ನಡುಗುತ್ತದೆ, ಬಿಲ್ಲೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಹೊಸಬರು ಏನೆಂದುಕೊಳ್ಳುತ್ತಾರೆ? ಹೆದರಿದ್ದಾನೆ, ಆದ್ದರಿಂದ ಬ್ಲಫ್ ಎಂದು. ಪಣಕ್ಕೆ ಸರಿಗಟ್ಟುತ್ತಾರೆ, ಹಣ ಕಳೆದುಕೊಳ್ಳುತ್ತಾರೆ. ಅನುಭವಿಗಳು ಹೇಳುವುದು ಇದಕ್ಕೆ ತದ್ವಿರುದ್ಧ: ಹಾಗೆ ಹಠಾತ್ತನೆ ಬಂದ ನಡುಕದ ಹಿಂದೆ ಹೆಚ್ಚಾಗಿ ಬಹಳ ಒಳ್ಳೆಯ ಎಲೆ ಇರುತ್ತದೆ.

ಕಾರಣ ನಮ್ಮ ಮೈಯೊಳಗೇ ಇದೆ. ದೊಡ್ಡದೇನೋ ಘಟಿಸುವ ಹೊತ್ತಿಗೆ ಅಡ್ರಿನಲಿನ್ ರಕ್ತಕ್ಕೆ ಹರಿಯುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಸೂಕ್ಷ್ಮ ಸ್ನಾಯುಗಳ ಮೇಲಿನ ಹಿಡಿತ ಸಡಿಲವಾಗುತ್ತದೆ. ಭಯಕ್ಕೂ ಹೀಗೇ ಆಗುತ್ತದೆ, ಸಂಭ್ರಮಕ್ಕೂ ಹೀಗೇ ಆಗುತ್ತದೆ. ರ‍್ಯಾಂಕ್ ಬಂದ ಸುದ್ದಿ ಓದುವ ಕೈಯೂ ನಡುಗುತ್ತದೆ, ನೋಟಿಸು ಓದುವ ಕೈಯೂ ನಡುಗುತ್ತದೆ. ಇತ್ತ ಬ್ಲಫ್ ಮಾಡುವವನಿಗೆ ತನ್ನತ್ತ ಯಾರ ಗಮನವೂ ಹರಿಯಬಾರದು ಎಂಬ ಎಚ್ಚರ ಇರುತ್ತದೆ. ಅವನು ತನ್ನನ್ನು ಬಿಗಿಹಿಡಿದುಕೊಳ್ಳುತ್ತಾನೆ, ಮಾತು ಕಡಿಮೆ ಮಾಡುತ್ತಾನೆ, ಕಲ್ಲಿನಂತೆ ಕೂರುತ್ತಾನೆ. ಒಳ್ಳೆಯ ಎಲೆ ಇದ್ದವನಿಗೆ ಆ ಎಚ್ಚರದ ಅಗತ್ಯವಿಲ್ಲ. ಅವನ ಮೈ ಸಡಿಲವಾಗಿರುತ್ತದೆ, ಮಾತೂ ಸರಾಗ.

ಇಲ್ಲಿಂದ ಎತ್ತಿಕೊಳ್ಳಬೇಕಾದ ಪಾಠ ‘ನಡುಗಿದರೆ ಒಳ್ಳೆಯ ಎಲೆ’ ಎಂಬ ಹೊಸ ಸೂತ್ರವಲ್ಲ. ವಯಸ್ಸಾದವರ ಕೈ ಸದಾ ನಡುಗುತ್ತಿರಬಹುದು. ನಾಲ್ಕು ಲೋಟ ಕಾಫಿ ಕುಡಿದವರ ಕೈ ನಡುಗಬಹುದು. ಮೊದಲ ಬಾರಿ ದೊಡ್ಡ ಮೇಜಿಗೆ ಬಂದವರ ಕೈ ಪ್ರತಿ ಪಣಕ್ಕೂ ನಡುಗಬಹುದು. ಒಳಗೆ ಏನೋ ಅಲುಗಿದೆ ಎಂದಷ್ಟೇ ಮೈ ತಿಳಿಸುತ್ತದೆ. ಅದು ಯಾತಕ್ಕಾಗಿ ಎಂಬ ಮಾಹಿತಿ ಮೈಯಲ್ಲಿ ಇರುವುದಿಲ್ಲ, ಅದನ್ನು ತುಂಬಿಸುವವರು ನಾವು. ಎಡವಟ್ಟಾಗುವುದು ನಾವು ತುಂಬಿಸುವ ಆ ಭಾಗದಲ್ಲೇ.

ಅವನನ್ನು ಅವನ ಜೊತೆಗೇ ಹೋಲಿಸು

2012ರಲ್ಲಿ ಪೋಕರ್ ಟೆಲ್‌ಗಳ ಬಗ್ಗೆ ಪುಸ್ತಕ ಬರೆದ ಜ್ಯಾಕರಿ ಎಲ್ವುಡ್ ಈ ವಿದ್ಯೆಯನ್ನು ಇನ್ನಷ್ಟು ಹದಕ್ಕೆ ತಂದರು. ಒಂದು ವರ್ತನೆಗೆ ಒಂದೇ ಅರ್ಥ ಎಂಬ ಪಟ್ಟಿ ಹಾಕುವ ಬದಲು ಅದು ಯಾವ ಘಟ್ಟದಲ್ಲಿ ಕಂಡಿತು ಎಂದು ಅವರು ಕೇಳಿದರು. ತನ್ನ ಸರದಿಗಾಗಿ ಕಾಯುತ್ತಿರುವವನು ಎದುರಾಳಿಯನ್ನು ದಿಟ್ಟಿಸುವುದು ಬೇರೆ, ಪಣ ಕಟ್ಟಿ ಮುಗಿಸಿದವನು ದಿಟ್ಟಿಸುವುದು ಬೇರೆ. ಕಾಯುತ್ತಿರುವವನ ದಿಟ್ಟ ನೋಟ ‘ನನ್ನ ಮೇಲೆ ಪಣ ಕಟ್ಟಬೇಡ’ ಎಂಬ ಸಣ್ಣ ಬೆದರಿಕೆ ಆಗಿರಬಹುದು, ಅಂದರೆ ಎಲೆ ಅಷ್ಟಕ್ಕಷ್ಟೇ. ದೊಡ್ಡ ಪಣ ಕಟ್ಟಿದ ಮೇಲಿನ ದಿಟ್ಟ ನೋಟ ನಿಜವಾದ ಧೈರ್ಯದಿಂದಲೇ ಬಂದಿರಬಹುದು. ಕಣ್ಣು ಅದೇ, ನೋಟ ಅದೇ. ಸಂದರ್ಭ ಬದಲಾದೊಡನೆ ಅರ್ಥ ತಲೆಕೆಳಗಾಯಿತು. ಸಂದರ್ಭ ಬಿಟ್ಟು ಓದಬಾರದು ಎಂಬುದು ಮೊದಲ ನಿಯಮ.

ಎರಡನೆಯ ನಿಯಮ, ಒಬ್ಬನನ್ನು ಓದುವ ಮೊದಲು ಅವನ ಮಾಮೂಲು ಸ್ವಭಾವ ಗೊತ್ತಿರಬೇಕು. ಹುಟ್ಟು ಮಾತುಗಾರ ಮಾತಾಡಿದರೆ ಅದು ಸುಳಿವಲ್ಲ. ಆತ ಹಠಾತ್ತನೆ ಸುಮ್ಮನಾದರೆ ಗಮನಿಸಬೇಕು. ಬೇರೆಯವರು ಏನು ಮಾಡುತ್ತಾರೆ ಎಂಬುದರ ಜೊತೆ ಅವನನ್ನು ಹೋಲಿಸಿ ಪ್ರಯೋಜನವಿಲ್ಲ. ನಿನ್ನೆಯ ಅವನನ್ನು ಇಂದಿನ ಅವನ ಜೊತೆ, ಹಿಂದಿನ ಹತ್ತು ಆಟಗಳ ಅವನನ್ನು ಈ ಆಟದ ಅವನ ಜೊತೆ ಹೋಲಿಸಬೇಕು. ಇದಕ್ಕೆ ಗಂಟೆಗಟ್ಟಲೆ ಒಂದೇ ಮೇಜಿನಲ್ಲಿ ಕೂರುವ ತಾಳ್ಮೆ ಬೇಕು. ಹತ್ತು ನಿಮಿಷದ ಭೇಟಿಯಲ್ಲಿ ಒಬ್ಬರನ್ನು ಅಳೆದುಬಿಟ್ಟೆ ಎನ್ನುವವರಿಗೆ ಈ ಹೋಲಿಕೆಗೆ ಬೇಕಾದ ಸಾಮಗ್ರಿಯೇ ಇರುವುದಿಲ್ಲ.

ಮೂರನೆಯ ನಿಯಮ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಆಟಗಾರರು ಟೆಲ್ ಅನ್ನು ಕೊನೆಗೆ ನೋಡುತ್ತಾರೆ. ಮೊದಲು ಲೆಕ್ಕ: ಎದುರಾಳಿ ಯಾವ ಸುತ್ತಿನಲ್ಲಿ ಎಷ್ಟು ಕಟ್ಟಿದ, ಎಲ್ಲಿ ಕುಳಿತು ಕಟ್ಟಿದ, ಅವನ ಆಟದ ಕಥೆ ಮೊದಲಿಂದ ಕೊನೆಯವರೆಗೆ ಹೊಂದುತ್ತದೆಯೇ, ನನ್ನ ಎಲೆ ಗೆಲ್ಲುವ ಸಾಧ್ಯತೆ ಎಷ್ಟು. ಆ ಲೆಕ್ಕ ಎರಡೂ ಕಡೆ ಸಮನಾಗಿ ತೂಗಿದಾಗ ಮಾತ್ರ ಮುಖಭಾವಕ್ಕೋ ಕೈಚಲನೆಗೋ ಸ್ವಲ್ಪ ಬೆಲೆ.

ಲೆಕ್ಕದ ಬಲ ಎಷ್ಟೆಂಬುದಕ್ಕೆ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ ಪುರಾವೆ ಸಿಕ್ಕಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟೂಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರೇಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ವಿರುದ್ಧ 20 ದಿನಗಳಲ್ಲಿ 1,20,000 ಆಟ ಆಡಿತು, ಸ್ಪಷ್ಟವಾಗಿ ಗೆದ್ದಿತು. ಅದಕ್ಕೆ ಕಣ್ಣಿರಲಿಲ್ಲ. ಯಾರ ಬೆವರನ್ನೂ ಯಾರ ನಡುಕವನ್ನೂ ಅದು ನೋಡಲಿಲ್ಲ. ಪಣದ ಮೊತ್ತ, ಅದರ ಕ್ರಮ, ಸಾಧ್ಯತೆಯ ಲೆಕ್ಕ, ಇಷ್ಟರಲ್ಲೇ ಅದು ಆಟ ಮುಗಿಸಿತು. ಜನರು ಮಾಡಿದ್ದನ್ನು ಗಮನಿಸಿದರೆ ಸಾಕು, ಮಾಡುವಾಗ ಹೇಗೆ ಕಂಡರು ಎಂಬುದಿಲ್ಲದೆಯೂ ಬಹಳ ದೂರ ಹೋಗಬಹುದು ಎಂದಾಯಿತು.

ಒಂದು ಪ್ರಸಿದ್ಧ ಬ್ಲಫ್

ಓದುವುದರಲ್ಲಿ ನುರಿತವರೂ ಹೇಗೆ ಎಡವುತ್ತಾರೆ ಎಂಬುದಕ್ಕೆ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಅಂತಿಮ ಹಣಾಹಣಿಯನ್ನು ಜನ ಈಗಲೂ ನೆನೆಯುತ್ತಾರೆ. ಲಾಸ್ ವೇಗಸ್‌ನಲ್ಲಿ ನಡೆದ ಆ ಪಂದ್ಯಕ್ಕೆ 839 ಮಂದಿ ಸೇರಿದ್ದರು. ಕೊನೆಗೆ ಉಳಿದವರು ಇಬ್ಬರು. ಒಬ್ಬರು ಸ್ಯಾಮಿ ಫರ್ಹಾ, ಹೊತ್ತಿಸದ ಸಿಗರೇಟನ್ನು ಹಿಡಿದು ಆಡುತ್ತಿದ್ದ ಪಳಗಿದ ಆಟಗಾರ. ಇನ್ನೊಬ್ಬರು ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಸಣ್ಣ ಪ್ರವೇಶ ಶುಲ್ಕದ ಇಂಟರ್‌ನೆಟ್ ಪಂದ್ಯ ಗೆದ್ದು ಅಲ್ಲಿಗೆ ಬಂದ ಹೊಸಬರು ಅವರು.

ಮನಿಮೇಕರ್ ಕೈಯಲ್ಲಿ ಇಸ್ಪೀಟು ರಾಜ ಮತ್ತು ಆಟೀನ್ 7. ಫರ್ಹಾ ಕೈಯಲ್ಲಿ ಇಸ್ಪೀಟು ರಾಣಿ ಮತ್ತು ಆಟೀನ್ 9. ನಡುವೆ ತೆರೆದ ಎಲೆಗಳಲ್ಲಿ ಇಸ್ಪೀಟಿನ 9, 6 ಮತ್ತು 8 ಇದ್ದವು. ಮನಿಮೇಕರ್‌ಗೆ ಇನ್ನೊಂದು ಇಸ್ಪೀಟು ಬಂದಿದ್ದರೆ ಒಂದೇ ಜಾತಿಯ 5 ಎಲೆ, ಇಲ್ಲವೇ 5 ಅಥವಾ 10 ಬಂದಿದ್ದರೆ ಸಾಲು. ಕೊನೆಯ ಎಲೆಯಾಗಿ ಬಂದದ್ದು ಆಟೀನ್ 3. ಎರಡೂ ಕೈತಪ್ಪಿತು. ಅವರ ಬಳಿ ಉಳಿದದ್ದು ಬರೀ ರಾಜ. ಫರ್ಹಾ ಬಳಿ 9ರ ಜೋಡಿ ಇತ್ತು, ಅಂದರೆ ಗೆಲ್ಲುವ ಎಲೆ ಅವರದೇ. ಮನಿಮೇಕರ್ ತಮ್ಮ ಬಿಲ್ಲೆಗಳನ್ನೆಲ್ಲ ಪಣಕ್ಕಿಟ್ಟು, ಕಪ್ಪು ಕನ್ನಡಕ ಮತ್ತು ಟೋಪಿಯ ಹಿಂದೆ ಅಲುಗದೆ ಕುಳಿತರು.

ಫರ್ಹಾ ಯೋಚಿಸಿದರು. ‘ಒಂದೇ ಜಾತಿ ಕೂಡಿಸಲು ಹೋಗಿ ತಪ್ಪಿತಲ್ಲವೇ’ ಎಂಬರ್ಥದ ಮಾತನ್ನೂ ಆಡಿ ಕೆಣಕಿದರು. ಅವರ ಊಹೆ ಅಕ್ಷರಶಃ ಸರಿಯಾಗಿತ್ತು. ಆದರೂ ಅದನ್ನು ನಂಬುವ ಧೈರ್ಯ ಬರಲಿಲ್ಲ. ಎದುರಿಗೆ ಕುಳಿತವನು ಉತ್ತರ ಕೊಡಲಿಲ್ಲ, ಏನನ್ನೂ ತೋರಿಸಲಿಲ್ಲ. ಫರ್ಹಾ ಎಲೆ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಪಂದ್ಯವೂ 25 ಲಕ್ಷ ಡಾಲರ್ ಬಹುಮಾನವೂ ಮನಿಮೇಕರ್ ಪಾಲಾಯಿತು. ಎಲೆಗಳತ್ತ ಇಟ್ಟ ಪುಟ್ಟ ಕ್ಯಾಮೆರಾದಿಂದಾಗಿ ಟಿವಿ ನೋಡಿದವರಿಗೆಲ್ಲ ಆ ಎಲೆಗಳು ಕಂಡವು. ಆಡುವ ಹೊತ್ತಿನಲ್ಲಿ ಫರ್ಹಾಗೆ ಕಾಣಲಿಲ್ಲ. ಇದನ್ನು ನೆನಪಿಡಬೇಕು. ಎಲೆ ಬಿಟ್ಟವನಿಗೆ ಸತ್ಯ ಗೊತ್ತಾಗುವುದಿಲ್ಲ. ‘ನಾನು ಬಿಟ್ಟದ್ದೇ ಸರಿ, ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು’ ಎಂದು ಆತ ಕೊನೆಯವರೆಗೂ ನಂಬಿಕೊಂಡಿರಬಹುದು.

ಮುಖ ಎಷ್ಟು ಹೇಳುತ್ತದೆ ಎಂಬುದನ್ನು ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು ಪ್ರಯೋಗದಿಂದಲೇ ಪರೀಕ್ಷಿಸಿದರು. ಅವರ ಅಧ್ಯಯನ 2013ರಲ್ಲಿ ಸೈಕಲಾಜಿಕಲ್ ಸೈನ್ಸ್ ಪತ್ರಿಕೆಯಲ್ಲಿ ಬಂತು. 2009ರ ವರ್ಲ್ಡ್ ಸೀರೀಸ್‌ನ ವಿಡಿಯೊ ತುಣುಕುಗಳಲ್ಲಿ ಆಟಗಾರರು ಪಣ ಕಟ್ಟುವ ಕ್ಷಣಗಳನ್ನು ಆರಿಸಿ, ಕೆಲವರಿಗೆ ಮುಖ ಮಾತ್ರ ಕಾಣುವಂತೆ, ಕೆಲವರಿಗೆ ತೋಳು ಮಾತ್ರ ಕಾಣುವಂತೆ ತೋರಿಸಿದರು. ಎಲೆಯ ಬಲ ಊಹಿಸಲು ಮುಖ ನೋಡಿದವರಿಗೆ ಅದರಿಂದ ಯಾವ ಸಹಾಯವೂ ಆಗಲಿಲ್ಲ. ತೋಳು ನೋಡಿದವರು ಅದೃಷ್ಟದ ಊಹೆಗಿಂತ ತುಸು ಮೇಲಿದ್ದರು. ಸರಾಗವಾಗಿ ಬಿಲ್ಲೆ ಸರಿಸಿದವರ ಎಲೆ ಬಲವಾಗಿರುವ ಒಲವಿತ್ತು; ನಡುಕದ ಬಗ್ಗೆ ಅನುಭವಿಗಳು ಹೇಳುವ ಮಾತಿಗೆ ಇದು ಪೂರ್ತಿ ಹೊಂದುವುದಿಲ್ಲ. ಅಧ್ಯಯನ ಸಣ್ಣದು, ಅದನ್ನೇ ಶಾಸನ ಮಾಡಿಕೊಳ್ಳಬಾರದು. ಆದರೂ ನಾವು ಎಲ್ಲಕ್ಕಿಂತ ಹೆಚ್ಚು ನಂಬುವ ಮುಖವೇ ಜನ ಎಲ್ಲಕ್ಕಿಂತ ಹೆಚ್ಚು ಹದ್ದುಬಸ್ತಿನಲ್ಲಿಡುವ ಅಂಗವೂ ಹೌದು ಎಂಬ ಮಾತಿಗೆ ಅದು ಪುಷ್ಟಿ ಕೊಡುತ್ತದೆ.

ಮೇಜಿನಿಂದ ಎದ್ದು ಹೊರಬಂದರೆ

ಇನ್ನು ಇಸ್ಪೀಟು ಬಿಟ್ಟು ಊರೊಳಗೆ ಬರೋಣ. ಸುಳ್ಳು ಹೇಳುವವರನ್ನು ಜನ ಎಷ್ಟರಮಟ್ಟಿಗೆ ಗುರುತಿಸಬಲ್ಲರು ಎಂಬ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 24,000ಕ್ಕೂ ಹೆಚ್ಚು. ಸರಾಸರಿ ಯಶಸ್ಸು ಶೇ 54. ನಾಣ್ಯ ಚಿಮ್ಮಿ ಹೇಳಿದರೂ ಶೇ 50 ಸರಿಯಾಗುತ್ತದೆ. ಅದಕ್ಕೂ ಮೂರು ವರ್ಷ ಮೊದಲು ಡಿಪಾಲೊ ಮತ್ತು ಸಂಗಡಿಗರು ಸುಳ್ಳಿನ ಲಕ್ಷಣ ಎನ್ನಲಾದ 158 ಸುಳಿವುಗಳನ್ನು ಪರಿಶೀಲಿಸಿದ್ದರು. ಬಹುಪಾಲು ಸುಳಿವುಗಳಿಗೆ ಸುಳ್ಳಿನೊಡನೆ ಇದ್ದ ನಂಟು ತೀರಾ ತೆಳು, ಇಲ್ಲವೇ ಇರಲೇ ಇಲ್ಲ. ಕಣ್ಣು ತಪ್ಪಿಸುವುದು ಕೂಡ ಆ ದುರ್ಬಲ ಸುಳಿವುಗಳ ಸಾಲಿನಲ್ಲೇ ಇತ್ತು. ಹತ್ತಾರು ದೇಶಗಳಲ್ಲಿ ಸುಳ್ಳುಗಾರನನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದಾಗ ಜನ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಅದನ್ನೇ.

ತರಬೇತಿ ಕೊಟ್ಟರೆ ಸರಿಹೋಗುತ್ತದೆಯೇ? ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯಕಾರಿಗಳನ್ನು ಗುರುತಿಸಲು ವಿಶೇಷ ಅಧಿಕಾರಿಗಳನ್ನೇ ನೇಮಿಸಿದ್ದರು. 2007ರಿಂದ ಆ ಯೋಜನೆಗೆ ಸುಮಾರು 90 ಕೋಟಿ ಡಾಲರ್ ಖರ್ಚಾಗಿತ್ತು. 2013ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ, ಹಾವಭಾವದಿಂದ ವಂಚನೆಯನ್ನು ಪತ್ತೆಹಚ್ಚುವ ಮನುಷ್ಯರ ಶಕ್ತಿ ಕುರುಡು ಊಹೆಗೆ ಸಮ ಅಥವಾ ಅದಕ್ಕಿಂತ ತುಸು ಮೇಲಷ್ಟೇ ಎಂದು ವರದಿ ಕೊಟ್ಟು, ಯೋಜನೆಯ ಹಣಕ್ಕೆ ಮಿತಿ ಹಾಕುವಂತೆ ಶಿಫಾರಸು ಮಾಡಿತು.

ಸುಳಿವು ಸ್ವಲ್ಪ ಒಳ್ಳೆಯದೇ ಆಗಿದ್ದರೂ ಅನ್ಯಾಯ ತಪ್ಪುವುದಿಲ್ಲ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಒಂದು ಕಚೇರಿಯಲ್ಲಿ 100 ಜನ, ಅವರಲ್ಲಿ ಹಣ ಎತ್ತಿದವರು 5. ವಿಚಾರಿಸಿದಾಗ ತಪ್ಪಿತಸ್ಥರಲ್ಲಿ ಶೇ 80 ಮಂದಿ ಗಾಬರಿಯಾಗುತ್ತಾರೆ, ನಿರ್ದೋಷಿಗಳಲ್ಲಿ ಶೇ 20 ಮಂದಿ ಮಾತ್ರ. ಕೇಳಲು ಇದು ಬಹಳ ಒಳ್ಳೆಯ ಸುಳಿವು ಎನಿಸುತ್ತದೆ. ಗಾಬರಿಯಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ: ತಪ್ಪಿತಸ್ಥರು 4, ನಿರ್ದೋಷಿಗಳು 19. ಗಾಬರಿಯನ್ನೇ ಸಾಕ್ಷಿ ಎಂದು ಹಿಡಿದರೆ ಪ್ರತಿ ಒಬ್ಬ ಕಳ್ಳನಿಗೆ ಹೆಚ್ಚುಕಡಿಮೆ ಐವರು ಅಮಾಯಕರ ಮೇಲೆ ಕಳಂಕ ಬೀಳುತ್ತದೆ. ನಿರ್ದೋಷಿಗಳ ಸಂಖ್ಯೆಯೇ ದೊಡ್ಡದಾಗಿರುವ ಕಡೆಯಲ್ಲೆಲ್ಲ ಹೀಗೇ ಆಗುತ್ತದೆ.

ನಂಬದೆ ಹೋದರೆ ಏನು ಗತಿ ಎಂಬ ಭಯದಲ್ಲಿ ಸತ್ಯವಂತನೂ ನಡುಗುತ್ತಾನೆ. ಆ ಭಯವನ್ನು ತಪ್ಪಿತಸ್ಥನ ಭಯವೆಂದು ಓದುವುದನ್ನು ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಒಥೆಲೊ ಪ್ರಮಾದ ಎಂದು ಕರೆದರು. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಹೆಂಡತಿಯ ಕಂಗಾಲನ್ನು ಕಂಡ ಒಥೆಲೊ ಅದನ್ನು ದ್ರೋಹದ ಗುರುತೆಂದೇ ತಿಳಿದು ಅವಳನ್ನು ಕೊಂದುಬಿಡುತ್ತಾನೆ. ಅಧಿಕಾರ ಇದ್ದವರ ಮುಂದೆ ನಿಂತವರಿಗೆಲ್ಲ ಈ ಅಪಾಯ ಇದೆ. ಎಷ್ಟು ಬಡವರೋ, ಎಷ್ಟು ಹೊಸಬರೋ ಅಷ್ಟು ಹೆಚ್ಚು.

ನಮ್ಮ ನೆಲದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು, ಎದುರು ಮಾತಾಡಬಾರದು ಎಂದು ಕಲಿತು ಬೆಳೆದ ಹಳ್ಳಿಯ ಹುಡುಗಿ ಬೆಂಗಳೂರಿನ ಸಂದರ್ಶನದ ಕೋಣೆಗೆ ಬರುತ್ತಾಳೆ. ಅವಳ ತಗ್ಗಿದ ಕಣ್ಣು ಗೌರವ. ಮೇಜಿನ ಆಚೆ ಕುಳಿತವರ ಕಣ್ಣಿಗೆ ಅದು ಆತ್ಮವಿಶ್ವಾಸದ ಕೊರತೆ. ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸಿಕೊಳ್ಳಲು ಅವಳು ತೆಗೆದುಕೊಂಡ ಎರಡು ಕ್ಷಣವನ್ನು ವಿಷಯ ಗೊತ್ತಿಲ್ಲ ಎಂದು ಬರೆದುಕೊಳ್ಳುತ್ತಾರೆ. ಆಟಿಸಂ ಇರುವವರು ಕಣ್ಣಿಗೆ ಕಣ್ಣು ಕೊಡದಿರಬಹುದು, ಉಗ್ಗು ಇರುವವರು ಪ್ರತಿ ಉತ್ತರಕ್ಕೂ ತಡೆಯಬಹುದು. ಅವರ ಮಾಮೂಲು ಹೇಗೆ ಎಂಬುದೇ ಗೊತ್ತಿಲ್ಲದವರು ಅವರನ್ನು ಓದಲು ಹೊರಡುತ್ತಾರೆ.

ನ್ಯಾಯಾಲಯಗಳಲ್ಲೂ ಈ ಪ್ರಶ್ನೆ ಹಳೆಯದು. ಸಾಕ್ಷಿ ನುಡಿಯುವವರ ಹಾವಭಾವದ ಬಗ್ಗೆ ತಮಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಂ ಹೇಳುತ್ತಿತ್ತು. ಇನ್ನೊಂದೆಡೆ, ಮೈಯಿಂದ ಸತ್ಯವನ್ನು ಬಲವಂತವಾಗಿ ಹಿಂಡುವುದಕ್ಕೆ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತಡೆ ಹಾಕಿತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂದು ದಾಖಲಾದ ಆ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಅಥವಾ ಬ್ರೈನ್ ಮ್ಯಾಪಿಂಗ್‌ಗೆ ಒಳಪಡಿಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಸುಳ್ಳು ಪತ್ತೆ ಯಂತ್ರ ಅಳೆಯುವುದು ರಕ್ತದೊತ್ತಡ, ಉಸಿರು, ಬೆವರುಗಳನ್ನು. ಸುಳ್ಳನ್ನು ಅಳೆಯುವ ಮಾಪಕ ಅದರಲ್ಲಿಲ್ಲ. ನಡುಗುವ ಕೈಯನ್ನು ತಪ್ಪಾಗಿ ಓದಿದ ಹೊಸ ಆಟಗಾರ ಮುಗ್ಗರಿಸಿದ ಜಾಗದಲ್ಲೇ ಈ ಯಂತ್ರವೂ ಮುಗ್ಗರಿಸಬಹುದು.

ಹಾಗಾದರೆ ಏನು ಮಾಡಬೇಕು

ಮನುಷ್ಯರನ್ನು ಗಮನಿಸುವುದನ್ನೇ ಬಿಡಿ ಎಂದು ಯಾರೂ ಹೇಳಲಾರರು. ಮಗು ಊಟ ಬಿಟ್ಟಿದ್ದನ್ನು, ಗೆಳೆಯ ಮಾತು ಕಡಿಮೆ ಮಾಡಿದ್ದನ್ನು ಗಮನಿಸುವುದು ಪ್ರೀತಿಯ ಕೆಲಸವೇ ಆಗಿದೆ. ತಾಯಿಯ ಊಹೆ ಎಷ್ಟೋ ಸಲ ಸರಿಯಾಗಲು ಕಾರಣ ಅವಳಿಗೆ ಆ ಮಗುವಿನ ಮಾಮೂಲು ಗೊತ್ತು. ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕುಳಿತವಳು ಅವಳು. ಬದಲಾವಣೆ ಕಂಡಾಗ ಅವಳು ತೀರ್ಪು ಬರೆಯದೆ ‘ಏನಾಯಿತು ಮಗಾ’ ಎಂದು ಕೇಳುತ್ತಾಳೆ. ಒಳ್ಳೆಯ ಓದಿನ ಎರಡು ಲಕ್ಷಣಗಳೂ ಅಲ್ಲಿವೆ: ಅವರನ್ನು ಅವರ ಜೊತೆಗೇ ಹೋಲಿಸುವುದು, ಸಂಶಯ ಬಂದಲ್ಲಿ ಕೇಳುವುದು.

ಸಂಶೋಧನೆಯೂ ಅದೇ ದಾರಿ ತೋರಿಸುತ್ತದೆ. ವಿಚಾರಣೆಯ ವಿಧಾನಗಳನ್ನು ಅಧ್ಯಯನ ಮಾಡಿದ ಆಲ್ಡರ್ಟ್ ವ್ರೈ, ಮರಿಯಾ ಹಾರ್ಟ್‌ವಿಗ್ ಮೊದಲಾದವರು ಮುಖ ನೋಡುವುದಕ್ಕಿಂತ ಮಾತು ಕೇಳುವುದರಲ್ಲಿ ಹೆಚ್ಚು ತಿರುಳಿದೆ ಎನ್ನುತ್ತಾರೆ. ಹೌದು ಅಲ್ಲ ಎಂದು ಮುಗಿಯದ, ವಿವರ ಬಯಸುವ ಪ್ರಶ್ನೆ ಕೇಳಬೇಕು. ಕೈಯಲ್ಲಿರುವ ಸಾಕ್ಷ್ಯವನ್ನು ಮೊದಲೇ ಚೆಲ್ಲದೆ ಅವರ ಹೇಳಿಕೆ ಪೂರ್ತಿ ಕೇಳಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೇಳಿದ್ದಕ್ಕೂ ಕಂಡುಬಂದದ್ದಕ್ಕೂ ತಾಳೆಯಾಗದಿದ್ದರೆ ಆಗ ಸಂಶಯಕ್ಕೆ ಆಧಾರವಿದೆ. ಪೋಕರ್ ಆಟಗಾರ ಪಣದ ಕಥೆ ಹೊಂದುತ್ತದೆಯೇ ಎಂದು ನೋಡುವುದೂ ಇದನ್ನೇ.

ಆಟಗಾರನಿಗೆ ಸಿಗುವ ಒಂದು ಸೌಲಭ್ಯ ಮಾತ್ರ ನಮಗೆ ತಾನಾಗಿ ಸಿಗುವುದಿಲ್ಲ. ಅವನ ಊಹೆ ತಪ್ಪಾದರೆ ಎಲೆ ಬಿಚ್ಚಿದಾಗ ತಿಳಿಯುತ್ತದೆ, ಹಣ ಹೋಗುತ್ತದೆ, ಮುಂದಿನ ಸಲ ಹುಷಾರಾಗುತ್ತಾನೆ. ಸಂದರ್ಶನದಲ್ಲಿ ಒಬ್ಬಳನ್ನು ಕೈಬಿಟ್ಟ ಅಧಿಕಾರಿಗೆ ಅವಳು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳು ಎಂಬುದು ಎಂದೂ ತಿಳಿಯುವುದಿಲ್ಲ. ಮೂವತ್ತು ವರ್ಷದ ಅನುಭವ ಎಂದು ಹೇಳಿಕೊಳ್ಳುವವರ ಬಳಿ ಹೆಚ್ಚಾಗಿ ಇರುವುದು ಮೂವತ್ತು ವರ್ಷ ಪರೀಕ್ಷೆಗೆ ಒಡ್ಡದ ಊಹೆಗಳು. ತಪ್ಪಿಗೆ ಬೆಲೆ ತೆತ್ತವರು ಬೇರೆ ಯಾರೋ.

ಆ ಕೊರತೆಯನ್ನು ವ್ಯವಸ್ಥೆಯೇ ತುಂಬಬೇಕು, ಅದು ಕಷ್ಟವೂ ಅಲ್ಲ. ಸಂದರ್ಶನ ಸಮಿತಿಗಳು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಲಿ, ಮಾಡಬೇಕಾದ ಕೆಲಸದ ಒಂದು ತುಣುಕನ್ನು ಅಲ್ಲೇ ಮಾಡಿಸಿ ನೋಡಲಿ, ಹಾವಭಾವಕ್ಕೆ ಅಂಕ ಕೊಡುವ ಕಾಲಂ ಇದ್ದರೆ ತೆಗೆಯಲಿ. ಆಯ್ಕೆಯಾದವರ ಒಂದು ವರ್ಷದ ಕೆಲಸವನ್ನು ಅಂದು ತಾವು ಬರೆದ ಟಿಪ್ಪಣಿಯ ಪಕ್ಕ ಇಟ್ಟು ಓದಲಿ. ಠಾಣೆಯಲ್ಲಿ ಒಬ್ಬರನ್ನು ಶಂಕಿತರೆಂದು ಬರೆಯುವಾಗ ‘ಗಾಬರಿಯಾದ’ ಎಂಬುದರ ಹೊರತಾಗಿ ಕಾರಣವೇನು ಎಂಬುದನ್ನೂ ಮೇಲಧಿಕಾರಿ ಕೇಳಲಿ. ಶಾಲೆಯಲ್ಲಿ ಪೆನ್ನು ಕಳೆದಾಗ ಅತ್ತ ಮಗುವಿನ ಚೀಲವನ್ನೇ ಮೊದಲು ತಡಕುವ ರೂಢಿ ನಿಲ್ಲಲಿ. ಇನ್ನೊಬ್ಬರ ಬದುಕನ್ನು ತಿರುಗಿಸುವ ಅಧಿಕಾರ ಕೈಯಲ್ಲಿರುವವರು ತಮ್ಮ ಕಣ್ಣನ್ನು ನಂಬುವ ಮೊದಲು ಇಷ್ಟು ಶ್ರಮ ಪಡಲೇಬೇಕು. ಕದಿಯದೆ ಸಿಕ್ಕಿಬೀಳುವವರ ಸಂಖ್ಯೆ ಕಡಿಮೆಯಾಗುವುದು ಅದರಿಂದ ಮಾತ್ರ.